ಖ್ವಾತನ ನಾಲ್ಕು ಗೆರೆ

ಹನ್ನೆರಡು ಗುಂಟೆ ಸಾಸಿವೆ ಸೊಪ್ಪಿನ ಹೊಲ. ಖ್ವಾತನ ಮನೆಯ ನಾಲ್ಕು ಹೊಟ್ಟೆ ತುಂಬುತ್ತಿದ್ದುದು ಅದರಿಂದಲೇ. ಅದನ್ನು ಕಾರ್ಖಾನೆಗೆಂದು ಬರೆದುಕೊಂಡವನು ಜಿಲ್ಲೆಯ ಅಧಿಕಾರಿ ಡಿಯೆನ್. ಅಳತೆಯ ಗೂಟ ಮಾತ್ರ ಚುನಾವಣೆ ಮುಗಿದ ಮೇಲೆ ಹೊಡೆಯುತ್ತಾರಂತೆ. ಅಲ್ಲಿಯವರೆಗೆ ಊರು ನಗುನಗುತ್ತಾ ಇರಬೇಕಲ್ಲ.

ಶಾಸನಸಭೆಗೆ ನಿಂತ ಐವರಲ್ಲಿ ಮೊದಲ ಹೆಸರೇ ಡಿಯೆನ್‌ನದು. ಪಕ್ಷ ಒಂದೇ, ಗೆಲ್ಲುವವರು ಮೂವರು. ಮತದಾರನಿಗೆ ಕೆಲಸವೂ ಒಂದೇ, ಬೇಡದ ಎರಡು ಹೆಸರಿನ ಮೇಲೆ ಗೆರೆ ಗೀಚುವುದು. ಯಾವುದು ಬೇಡವೆಂದು ಕೇರಿಯ ಮುಖಂಡ ಲುವೊಂಗ್ ಮೊದಲೇ ಹೇಳಿಹೋಗುತ್ತಿದ್ದ, ಜನಕ್ಕೆ ತಲೆನೋವು ಬೇಡವೆಂದು.

ಮೂವತ್ತು ವರ್ಷ ಖ್ವಾತ್, ಮುಖಂಡರು ಹೇಳಿದ್ದನ್ನೇ ಗೀಚಿದ್ದ. ಮನೆಮಂದಿಯ ಮತಚೀಟಿಗಳನ್ನೂ ತಾನೇ ಹಿಡಿದು ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದ. ಮಾದರಿ ಮತದಾರನೆಂದು ಪ್ರಶಸ್ತಿಪತ್ರ ಕೊಟ್ಟಿದ್ದರು. ಬಿರುಕು ಬಿಟ್ಟ ಗೋಡೆಗೆ ಅದು ಒಳ್ಳೆಯ ಮರೆ.

“ಕೊನೇ ಎರಡು, ಅಣ್ಣ. ಮೇಷ್ಟ್ರು, ನರ್ಸಮ್ಮ. ಒಂಬತ್ತು ಗಂಟೆಗೆಲ್ಲ ನಮ್ಮ ಕೇರಿ ಮುಗೀಬೇಕು,” ಎಂದ ಲುವೊಂಗ್.

ಈ ಸಲ ಖ್ವಾತ್ ನಾಲ್ಕು ಚೀಟಿಯಲ್ಲೂ ಡಿಯೆನ್‌ನ ಹೆಸರನ್ನೇ ಗೀಚಿದ. ಇನ್ನೊಂದು ಗೀಚಲೇಬೇಕಿತ್ತು, ಪಾಪ, ನರ್ಸಮ್ಮನನ್ನು ಗೀಚಿದ. ಬೆರಳುದ್ದದ ಗೆರೆಗೆ ಅಂಗಿಯೆಲ್ಲ ಬೆವರು. ಎಂಥಾ ಹುಲಿ ನಾನು ಎಂದುಕೊಂಡು ಹೊರಬಂದ. ಬಾಗಿಲಲ್ಲಿ ಲುವೊಂಗ್ ನಕ್ಕ. ಹುಲಿ ತಲೆ ತಗ್ಗಿಸಿ ಮನೆಗೆ ಹೋಯಿತು.

ವಾರ ಕಳೆದು ಧ್ವನಿವರ್ಧಕ ಕೂಗಿತು. ಡಿಯೆನ್ ಗೆದ್ದಿದ್ದಾರೆ, ಈ ಕೇರಿಯಲ್ಲಿ ಅವರ ವಿರುದ್ಧ ಒಂದು ಮತವೂ ಬಿದ್ದಿಲ್ಲ. ನಾಳೆ ಬೆಳಗ್ಗೆ ಅಳತೆಯವರು ಬರುತ್ತಾರೆ.

ಖ್ವಾತನಿಗೆ ಮೊದಲು ಅನುಮಾನ ಬಂದದ್ದು ತನ್ನ ಪೆನ್ನಿನ ಮೇಲೆ.

“ಶಾಯಿ ಮೂಡ್ಲಿಲ್ಲವೇನೋ ಕಣೆ,” ಎಂದು ಹೆಂಡತಿ ನ್ಯಾನ್‌ಗೆ ಗುಟ್ಟು ಬಿಟ್ಟುಕೊಟ್ಟ.

ಅವಳು ನೆಟ್ಟಗೆ ಹೋಗಿ ತೋಫು ಮಾರುವ ಥೋಮಕ್ಕನ ಕಿವಿಗೆ ಹಾಕಿದಳು. ಥೋಮಕ್ಕ ಆಚೀಚೆ ನೋಡಿ, “ನಾನೂ ಅವನನ್ನೇ ಗೀಚಿದ್ದೆ ಕಣೇ,” ಎಂದಳು. ಸಂಜೆಯೊಳಗೆ ಹದಿನೇಳು ಮನೆಯವರು ಹೀಗೇ ಬಾಯಿಬಿಟ್ಟರು. ಒಬ್ಬೊಬ್ಬರೂ ತಾನೊಬ್ಬನೇ ಹುಲಿ ಎಂದುಕೊಂಡು ವಾರವಿಡೀ ಬಾಗಿಲು ಹಾಕಿಕೊಂಡಿದ್ದರು. ಖ್ವಾತನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಬೆಳಗ್ಗೆ ಗೂಟ ಹೊತ್ತು ಬಂದ ಅಳತೆಯವನಿಗೆ ಸೊಪ್ಪಿನ ಮಡಿಗಳ ನಡುವೆ ಕೂತ ನಲವತ್ತು ಜನ ಕಂಡರು. ಅವನು ಕಾಗದ ತಿರುವಿ ಹಾಕಿ, ಇಲ್ಲಿ ವಿರೋಧ ಒಂದೂ ಇಲ್ಲವೆಂದು ಬರೆದಿದೆಯಲ್ಲ ಎಂದ.

ಎಲ್ಲರೂ ಖ್ವಾತನ ಕಡೆ ನೋಡಿದರು. ಮಾದರಿ ಮತದಾರ ತಾನೇ.  ಹುಲಿ ಕೂತಲ್ಲೇ ತಲೆ ಎತ್ತಿತು.

“ನಿಮ್ಮ ಕಾಗದದಲ್ಲಿ ನಾವ್ಯಾರೂ ಇಲ್ಲ ಸಾಹೇಬ್ರೆ,” ಎಂದ. “ಗೂಟಕ್ಕೆ ಜಾಗ ಎಲ್ಲಿದೆ ನೋಡ್ಕೊಂಡು ಹೊಡೀರಿ.”