ಹರಿಯುವುದೆಷ್ಟು, ತಾಳುವುದೆಷ್ಟು

ಮೋಟಾರು ಸುಟ್ಟರೆ ಆ ಬೀದಿಯವರೆಲ್ಲ ಓಡಿಬರುತ್ತಿದ್ದುದು ವೈಂಡಿಂಗ್ ಅಕ್ಕನ ಅಂಗಡಿಗೆ. ಕರಕಲಾದ ತಾಮ್ರದ ಸುರುಳಿಯನ್ನು ಮೂಗಿನ ಹತ್ತಿರ ಹಿಡಿದು, ಅದು ನೀರು ಹೊಕ್ಕು ಸತ್ತದ್ದೋ ಹೊರೆ ಹೆಚ್ಚಾಗಿ ಸತ್ತದ್ದೋ ಎಂದು ಅವಳು ಹೇಳಿಬಿಡುತ್ತಿದ್ದಳು. ಮನೆಗಳಿಗೆ ವಯರಿಂಗ್ ಕೂಡ ಮಾಡುತ್ತಿದ್ದಳು. ಆದರೆ ಕೆಲಸ ಮುಗಿದ ಮೇಲೆ ಒಂದು ಕಾಗದಕ್ಕೆ ಲೈಸೆನ್ಸ್ ಇದ್ದವರ ರುಜು ಬೇಕು, ಆ ಲೈಸೆನ್ಸ್ ಅವಳಲ್ಲಿರಲಿಲ್ಲ. ಇದ್ದದ್ದು ಪಕ್ಕದ ಅಂಗಡಿಯವನಲ್ಲಿ. ಆತ ಸ್ಕ್ರೂಡ್ರೈವರ್ ಮುಟ್ಟಿ ಹತ್ತು ವರ್ಷವಾಗಿತ್ತು, ಮುಟ್ಟುತ್ತಿದ್ದುದು ಪೆನ್ನು ಒಂದನ್ನೇ. ಹಾಗಾಗಿ ಬೀದಿ ಅವನಿಗೆ ರುಜು ಮಾವ ಎಂದು ಹೆಸರಿಟ್ಟಿತ್ತು.

"ಯಾರು ಮಾಡಿದ್ರೇನಮ್ಮ, ದೀಪ ಹತ್ತಿದ್ರೆ ಆಯ್ತಲ್ಲ," ಎನ್ನುತ್ತ ಆತ ಇವಳ ಕೆಲಸದ ಕೆಳಗೆ ತನ್ನ ಹೆಸರು ಗೀಚುತ್ತಿದ್ದ. ಇವಳಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ, ದಿನವೂ ಉರಿಯುತ್ತಿತ್ತು.

ಲೈಸೆನ್ಸಿಗಾಗಿ ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗಿದ್ದಳು. ಕೈಕೆಲಸದಲ್ಲಿ ಯಾರಿಗೂ ಅವಳನ್ನು ಹಿಡಿಯಲಾಗಲಿಲ್ಲ. ಹಿಡಿದದ್ದು ಬಾಯಿಮಾತಿನ ಪರೀಕ್ಷೆಯ ಒಂದೇ ಪ್ರಶ್ನೆ. ಪರೀಕ್ಷಕನನ್ನು ಎಲ್ಲರೂ ಅರ್ಥಕೋಶ ಎಂದು ಕರೆಯುತ್ತಿದ್ದರು. ಬಂದವರಿಗೆಲ್ಲ ಆತ ಕೇಳುತ್ತಿದ್ದುದು ಇಷ್ಟೇ: ಆಂಪರೇಜ್ ಅಂದರೇನು, ಆಂಪ್ಯಾಸಿಟಿ ಅಂದರೇನು? ಮೊದಲ ಸಲ ಇವಳು ಎರಡೂ ಒಂದೇ ಎಂದಳು. ಎರಡನೆಯ ಸಲ ಉರು ಹೊಡೆದು ಹೋಗಿ, ಇದರ ಟೋಪಿ ಅದಕ್ಕೆ ಹಾಕಿ ಬಂದಳು. ಇನ್ನುಳಿದದ್ದು ಒಂದೇ ಸಲ. ಅದೂ ಹೋದರೆ ಎರಡು ವರ್ಷ ಅರ್ಜಿ ಹಾಕುವಂತಿಲ್ಲ, ಅಲ್ಲಿಯತನಕ ರುಜು ಮಾವನೇ ಗತಿ.

ಪರೀಕ್ಷೆಯ ಹಿಂದಿನ ಸಂಜೆ ಅವಳು ಅಡಿಗೆಮನೆಯಲ್ಲಿ ಓಡಾಡುತ್ತ ಆ ಎರಡು ಪದಗಳನ್ನು ಗೊಣಗುತ್ತಿದ್ದಾಗ ಅತ್ತೆಗೆ ತಡೆಯಲಾಗಲಿಲ್ಲ. ಅತ್ತೆ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಈಗಲೂ ಮನೆಗೆ ನಾಲ್ಕು ಜನ ಬಂದರೆ "ಒಳಗೆ ಹೋಗಿ, ಒಳಗೆ ಹೋಗಿ" ಎನ್ನುವವಳು.

"ಅದೇನೇ ಅದು, ಹೊಟ್ಟೆನೋವು ಬಂದೋರ ಹಾಗೆ?"

ಸೊಸೆ ಬಿಡಿಸಿ ಹೇಳಿದಳು. ಒಂದು, ವಯರಿನಲ್ಲಿ ಈಗ ಹರಿಯುತ್ತಿರುವ ಕರೆಂಟು ಎಷ್ಟು ಅನ್ನೋದು. ಇನ್ನೊಂದು, ಆ ವಯರು ಬಿಸಿಯಾಗಿ ಕೆಡದೆ ಎಷ್ಟು ಕರೆಂಟು ತಾಳಿಕೊಳ್ಳುತ್ತೆ ಅನ್ನೋದು.

"ಬಸ್ಸಿಗೆ ಹತ್ತಿದೋರು ಎಷ್ಟು, ಬಸ್ಸು ಹಿಡಿಸೋದು ಎಷ್ಟು. ಇಷ್ಟಕ್ಕೆ ಎರಡು ಸಲ ಫೇಲಾದ್ಯಾ?" ಎಂದಳು ಅತ್ತೆ. ಆಮೇಲೆ ಹಳೆಯ ನೆನಪೊಂದು ಬಂದು ಸೇರಿಸಿದಳು: "ಆದ್ರೆ ಬೋರ್ಡಲ್ಲಿ ಐವತ್ತು ಜನ ಅಂತ ಬರೆದಿರ್ತಾರೆ ನೋಡು, ಅದನ್ನ ನಂಬಬೇಡ. ಕಿಟಕಿ ಎಲ್ಲಾ ಮುಚ್ಚಿ ಇಪ್ಪತ್ತೇ ಜನರನ್ನ ಕೂರಿಸು, ಅಷ್ಟಕ್ಕೇ ಉಸಿರು ಕಟ್ಟುತ್ತೆ."

ಮರುದಿನ ಬೆಳಿಗ್ಗೆ ವೈಂಡಿಂಗ್ ಅಕ್ಕನ ಸರದಿ ಏಳನೆಯದು. ಮುಂಚೆ ಹೋದ ಆರು ಜನರೂ ಇಂಗು ತಿಂದ ಮಂಗನ ಮುಖ ಹೊತ್ತು ಹೊರಬಂದಿದ್ದರು. ಒಳಗೆ ಅರ್ಥಕೋಶ ಕನ್ನಡಕ ಒರೆಸುತ್ತ ಕೂತಿದ್ದ, ಪಕ್ಕದಲ್ಲಿ ಅಂಕ ಬರೆಯುವ ಗುಮಾಸ್ತೆ. ಪ್ರತಿ ಅಭ್ಯರ್ಥಿ ಬಂದಾಗಲೂ ಚಹಾಕ್ಕೆ ಹೊಸದಾಗಿ ನೀರು ಕಾಯಿಸುವುದು ಅರ್ಥಕೋಶನ ಅಭ್ಯಾಸ. ಮೇಜಿನ ಮೇಲಿನ ಎಲೆಕ್ಟ್ರಿಕ್ ಕೆಟಲಿಗೆ ಕಂಠಮಟ್ಟ ನೀರು ತುಂಬಿ ಸ್ವಿಚ್ ಒತ್ತಿದ. ನಂತರ ಆ ಪ್ರಶ್ನೆ ಕೇಳಿದ.

ಇವಳು ಬಾಯಿ ತೆರೆದಳು, ಮೂಗು ಅಡ್ಡ ಬಂತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಬಗ್ಗಿ ನೋಡಿದರೆ ಮೇಜಿನ ಕೆಳಗೆ ವಯರು ಸುತ್ತಿಟ್ಟ ದೊಡ್ಡ ಚಕ್ರ. ಕೆಟಲಿಗೆ ಕರೆಂಟು ಬರುತ್ತಿದ್ದುದು ಅದರಿಂದ. ಗೋಡೆ ಮುಟ್ಟಲು ಬೇಕಾದ ಒಂದು ಮೊಳ ಮಾತ್ರ ಹೊರಗೆಳೆದು, ಉಳಿದದ್ದನ್ನು ಆ ಅಚ್ಚುಕಟ್ಟಿನ ಮನುಷ್ಯ ಒತ್ತೊತ್ತಾಗಿ ಸುತ್ತಿದ್ದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಅವಳ ನಾಲಗೆ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡಳು.

"ಸರ್, ನೀವು ಕೇಳಿದ ಎರಡೂ ನಿಮ್ಮ ಮೇಜಿನ ಕೆಳಗಿವೆ."

"ಏನಮ್ಮಾ, ತಮಾಷೆನಾ?"

"ಇಲ್ಲ ಸರ್. ಆ ವಯರಲ್ಲಿ ಈಗ ಹರೀತಿರೋದು ಆಂಪರೇಜ್. ಅದು ತಾಳಿಕೊಳ್ಳೋದು ಆಂಪ್ಯಾಸಿಟಿ. ಈಗ ತಾಳಿಕೊಳ್ಳೋದಕ್ಕಿಂತ ಜಾಸ್ತಿ ಹರೀತಿದೆ."

ಅರ್ಥಕೋಶನ ಕಿವಿ ಕೆಂಪಾಯಿತು. "ನೋಡೇಬಿಡೋಣ," ಎಂದು ಪ್ರಾಯೋಗಿಕ ಪರೀಕ್ಷೆಯ ಮೇಜಿನಿಂದ ಕರೆಂಟು ಅಳೆಯುವ ಇಕ್ಕಳದ ಮೀಟರನ್ನು ತಂದ. ಅದರ ಬಾಯಿ ತೆರೆದು ಗೋಡೆಗೂ ಚಕ್ರಕ್ಕೂ ನಡುವಿನ ಇಡೀ ವಯರನ್ನು ಗಬಕ್ಕನೆ ಕಚ್ಚಿಸಿದ. ಮೀಟರು ಸೊನ್ನೆ ತೋರಿಸಿತು.

"ಸೊನ್ನೆ," ಎಂದ ಆತ ಗೆದ್ದವನಂತೆ. "ಇದರಲ್ಲಿ ಏನೂ ಹರೀತಾನೇ ಇಲ್ಲ. ಬರ್ಕೊಳ್ಳಿ."

ಅವನ ಬೆನ್ನ ಹಿಂದೆ ಕೆಟಲು ಗೊಳಗೊಳ ಎನ್ನುತ್ತಿತ್ತು. ಗುಮಾಸ್ತೆ ಒಮ್ಮೆ ಕೆಟಲನ್ನು, ಒಮ್ಮೆ ಮೀಟರನ್ನು ನೋಡಿ, ಪೆನ್ನು ಎತ್ತಿದವಳು ಹಾಗೇ ಹಿಡಿದುಕೊಂಡಳು.

ವೈಂಡಿಂಗ್ ಅಕ್ಕ ನಗು ತಡೆದುಕೊಂಡಳು. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಒಟ್ಟಿಗೆ ಹಿಡಿದರೆ ಒಂದನ್ನೊಂದು ಅಳಿಸಿಹಾಕಿ ಮೀಟರು ಸೊನ್ನೆಯನ್ನೇ ತೋರಿಸುತ್ತದೆ. ಒಂದೇ ತಂತಿಯನ್ನು ಹಿಡಿಯಬೇಕು. ವಾರಕ್ಕೊಮ್ಮೆಯಾದರೂ ಕೈಕೆಲಸ ಮಾಡುವವರು ಈ ತಪ್ಪು ಮಾಡುವುದಿಲ್ಲ. ಈಗ ನಕ್ಕರೆ ಬೀದಿಗೆ ಹೇಳಲು ಜನ್ಮಪೂರ್ತಿ ಸಾಕಾಗುವ ಕತೆ ಸಿಗುತ್ತದೆ, ಲೈಸೆನ್ಸ್ ಸಿಗುವುದಿಲ್ಲ. ಅವಳಿಗೆ ಎರಡೂ ಬೇಕಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಸರ್, ನನ್ನ ಸಿಕ್ಕಿಸೋಕೆ ನೋಡ್ತಿದೀರಿ," ಎಂದಳು ಗಂಭೀರವಾಗಿ. "ಎರಡೂ ತಂತಿ ಸೇರಿಸಿ ಹಿಡಿದ್ರೆ ಸೊನ್ನೆ ಬರುತ್ತೆ ಅಂತ ಇವಳಿಗೆ ಗೊತ್ತಿದೆಯೋ ಇಲ್ವೋ ಅಂತ."

ಅರ್ಥಕೋಶ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.

"ಹೂಂ," ಎಂದ. "ಎಷ್ಟು ಜನಕ್ಕೆ ಗೊತ್ತಿರುತ್ತೆ ಅಂತ ನೋಡ್ತಿದ್ದೆ."

ಅವಳು ಪ್ಲಗ್ ಕಿತ್ತಳು. ಒಳತಂತಿಗಳನ್ನು ಬೇರೆ ಬೇರೆ ಹೊರತೆಗೆದಿದ್ದ ತುಂಡು ವಯರೊಂದನ್ನು ಪ್ರಾಯೋಗಿಕ ಪರೀಕ್ಷೆಯ ಮೇಜಿನಿಂದ ತಂದು ನಡುವೆ ಸೇರಿಸಿ, ಮತ್ತೆ ಪ್ಲಗ್ ಹಾಕಿ, ಒಂದೇ ತಂತಿಗೆ ಮೀಟರು ಕಚ್ಚಿಸಿದಳು. ಎಂಟೂವರೆ ಆಂಪಿಯರ್. ಆಮೇಲೆ ಚಕ್ರವನ್ನು ತಿರುಗಿಸಿ ಬದಿಯಲ್ಲಿದ್ದ ಇರುವೆ ಅಕ್ಷರ ತೋರಿಸಿದಳು: ಪೂರ್ತಿ ಬಿಡಿಸಿದರೆ ಹತ್ತು, ಸುತ್ತಿದ್ದರೆ ನಾಲ್ಕು.

"ವಯರು ಅದೇ ಸರ್. ಸುತ್ತಿಟ್ರೆ ಬಿಸಿ ಹೊರಗೆ ಹೋಗಲ್ಲ, ತಾಳೋ ಶಕ್ತಿ ಇಳಿಯುತ್ತೆ. ಕಿಟಕಿ ಮುಚ್ಚಿದ ಬಸ್ಸು."

ಗುಮಾಸ್ತೆ ಬಗ್ಗಿ ಚಕ್ರ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಅರ್ಥಕೋಶ ತಾನೇ ಸ್ವಿಚ್ ಆರಿಸಿದ. ಅರೆಕಾದ ನೀರಿನಲ್ಲೇ ಚಹಾ ಮಾಡಿಕೊಂಡು ಕುಡಿದ, ಪಾಸು ಎಂದು ಬರೆಸಿದ.

ಮುಂದಿನ ತಿಂಗಳು ಅಂಗಡಿಗೆ ಹೊಸ ಬೋರ್ಡು ಬಂತು, ಅದರಲ್ಲಿ ಅವಳ ಹೆಸರು, ಕೆಳಗೆ ಲೈಸೆನ್ಸ್ ನಂಬರು. ಅತ್ತೆ ರಸ್ತೆಯ ಆಚೆ ನಿಂತು ಓದಿ, ಈಚೆ ಬಂದು ಓದಿ, ಬೋರ್ಡು ಕಾಲಿಂಚು ಎಡಕ್ಕೆ ವಾಲಿದೆ ಎಂದಳು. ವೈಂಡಿಂಗ್ ಅಕ್ಕನಿಗೆ ಖುಷಿಯಿಂದ ಕಣ್ಣು ಒದ್ದೆಯಾಗಿತ್ತು, ವಾಲಿದ್ದು ಕಾಣಲಿಲ್ಲ.

ಇತ್ತ ಪರೀಕ್ಷೆಯ ಕೋಣೆಯಲ್ಲಿ ಹೊಸ ಪದ್ಧತಿ ಶುರುವಾಗಿತ್ತು. ಅರ್ಥಕೋಶ ಈಗ ಪದಗಳ ಅರ್ಥ ಕೇಳುತ್ತಿರಲಿಲ್ಲ. ಮೀಟರು ಕೈಗಿಟ್ಟು, ಕೆಟಲಿನ ವಯರು ತೋರಿಸಿ, "ಅಳೀರಿ" ಎನ್ನುತ್ತಿದ್ದ. ಸೊನ್ನೆ ಎಂದವರನ್ನು ನೋಡಿ, ಇಷ್ಟೂ ಗೊತ್ತಿಲ್ಲವೇ ಎಂದು ತಲೆಯಾಡಿಸುತ್ತಿದ್ದ.

ಒಂದು ಮಧ್ಯಾಹ್ನ ರುಜು ಮಾವ ಕೈಯಲ್ಲಿ ಕಾಗದ ಹಿಡಿದು ಅವಳ ಅಂಗಡಿಯ ಮೆಟ್ಟಿಲ ಹತ್ತಿರ ನಿಂತ. ಹಿಂದಿನ ವಾರ ಅರ್ಥಕೋಶನ ಮುಂದೆ ಅವನ ಲೈಸೆನ್ಸ್ ನವೀಕರಣದ ಪರೀಕ್ಷೆಯಿತ್ತು.

"ಎಷ್ಟು ಬಂತು ಮಾವ?" ಎಂದಳು ಸುರುಳಿ ಸುತ್ತುತ್ತಲೇ.

"ಸೊನ್ನೆ," ಎಂದ ಆತ. "ಯಾವ ಪುಣ್ಯಾತ್ಮರು ಅವನ ತಲೆಗೆ ಈ ಪ್ರಶ್ನೆ ತುಂಬಿದ್ರೋ. ಅದಿರಲಿ, ಈ ಮನೆ ವಯರಿಂಗ್ ಕಾಗದಕ್ಕೆ ನೀನೊಂದು ರುಜು ಹಾಕಮ್ಮ. ಯಾರು ಮಾಡಿದ್ರೇನು, ದೀಪ ಹತ್ತಿದ್ರೆ ಆಯ್ತಲ್ಲ."

ವೈಂಡಿಂಗ್ ಅಕ್ಕ ಸುರುಳಿ ಕೆಳಗಿಟ್ಟಳು. ಡ್ರಾಯರ್ ತೆಗೆದಳು. ಪೆನ್ನು ಬರುತ್ತದೆ ಎಂದು ಕಾದಿದ್ದವನ ಕೈಗೆ ಸ್ಕ್ರೂಡ್ರೈವರ್ ಇಟ್ಟಳು.

"ನಡೀರಿ, ಆ ಮನೆ ನೋಡ್ಕೊಂಡು ಬರೋಣ," ಎಂದಳು. "ಸ್ವಿಚ್ ಬೋರ್ಡು ಬಿಚ್ಚಿ ತೋರಿಸೋದು ನೀವು."