ಭಂಡಾರ ಹಿಡಿದ ಕೈ

ಹುಣಸೆಬೀಜದ ಗಂಜಿಯ ವಾಸನೆ ಎಲ್ಲಿ ಬಂದರೂ ಗುಂಡಮ್ಮನಿಗೆ ಅವ್ವ ನೆನಪಾಗುತ್ತಿದ್ದಳು. ಅವ್ವ ಬೀಜ ಹುರಿದು, ಸಿಪ್ಪೆ ತೆಗೆದು, ಕುದಿಸಿ, ಹೊಸ ಕಂಬಳಿಗೆ ಬಳಿಯುವಾಗ ಮನೆ ತುಂಬ ಹುಳಿಯೂ ಅಲ್ಲದ ಸಿಹಿಯೂ ಅಲ್ಲದ ಒಂದು ಘಾಟು. ಅದರ ಕೆಳಗೆ ಒದ್ದೆ ಉಣ್ಣೆಯ ವಾಸನೆ. ಒಣಹಾಕಿದ ಕಂಬಳಿಯ ನೆರಳಿನಲ್ಲಿ ಅದನ್ನೇ ಉಸಿರಾಡುತ್ತ ಅವಳು ನಿದ್ದೆಹೋಗುತ್ತಿದ್ದಳು. ಈಗ ಉದಗೀರದ ದವಾಖಾನೆಯ ವರಾಂಡದಲ್ಲಿ ಮಗನ ಕಂಬಳಿ ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಅದೇ ವಾಸನೆ ಬಂತು. ನಳದ ಕೆಳಗೆ ಮೂರು ಸಲ ತೊಳೆದಿದ್ದಳು. ರಕ್ತ ಹೋಗಿದೆಯೋ ಇಲ್ಲವೋ, ಕರಿ ಕಂಬಳಿಯಲ್ಲಿ ಅದು ಕಾಣುವುದಿಲ್ಲ.

"ಏ ಮುದಕಿ, ಈ ಘೋಂಗಡಿ ಒಯ್ದು ಹೊರಗ ಒಗಿ," ವಾರ್ಡಿನ ಮುಕಾದಮ ಕಾಲಿನಿಂದ ಕಂಬಳಿಯ ಅಂಚು ತಳ್ಳಿದ. "ಸತ್ತ ಕುರಿ ನಾತ ಹೊಡಿಲತ್ತದ. ಇದು ದವಾಖಾನಿ ಅದ, ನಿಮ್ಮಪ್ಪನ ಕುರಿದೊಡ್ಡಿ ಅಲ್ಲ."

ಗುಂಡಮ್ಮ ಏಳಲು ಹೊರಟಳು. ಪಕ್ಕದಲ್ಲಿ ಕೂತಿದ್ದ ಚಾಂದಬಿ ಏನೂ ಅವಸರವಿಲ್ಲದೆ ಕಂಬಳಿಯನ್ನು ತನ್ನ ಕಡೆ ಎಳೆದುಕೊಂಡು, ನೆಲಕ್ಕೆ ಹಾಸಿ, ಅದರ ಮೇಲೆ ಕಾಲು ಮಡಚಿ ಕೂತುಬಿಟ್ಟಳು.

"ಇದು ನಂದದ. ಒಗಿಯೋದಿದ್ದರ ನನಗೂ ಸಂಗಟ ಎತ್ತಿ ಒಗಿ, ಬಾಬಾ."

ಮುಕಾದಮ ಇಬ್ಬರನ್ನೂ ಸೇರಿಸಿ ಹೊಲಸು ಬೈದು ಹೋದ.

ಗುರುವಾರದವರೆಗೆ ಈ ಇಬ್ಬರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಗುಂಡಮ್ಮನ ಮಗ ಕನಕರಾಜ ಒಳಗಿನ ವಾರ್ಡಿನಲ್ಲಿದ್ದ. ಎರಡೂ ಕಾಲು ಮುರಿದಿದ್ದವು, ದವಡೆಗೆ ತಂತಿ ಬಿಗಿದಿದ್ದರು, ಕುಡಿಯುವುದು ಬಿಟ್ಟರೆ ತಿನ್ನಲು ಬರುತ್ತಿರಲಿಲ್ಲ. ಚಾಂದಬಿಯ ಮಗ ದಸ್ತಗೀರ ಅದರಾಚೆಯ ಗಾಜಿನ ಬಾಗಿಲಿನ ಕೋಣೆಯಲ್ಲಿದ್ದ. ಅವನ ತಲೆಗೆ ಏಟು. ಕಣ್ಣು ತೆರೆದಿರಲಿಲ್ಲ. ಆದರೂ ಚಾಂದಬಿ ಊರಿನ ನೆಂಟರ ಮನೆಯಲ್ಲಿ ಬೇಳೆಯ ಕಟ್ಟು ಮಾಡಿಸಿ ದಿನಾ ಒಂದು ಸ್ಟೀಲಿನ ಡಬ್ಬಿಯಲ್ಲಿ ತರುತ್ತಿದ್ದಳು. ಕಣ್ಣು ತೆರೆದ ಕೂಡಲೇ ಹಸಿವು ಅನ್ನುತ್ತಾನೆ, ಸಣ್ಣವನಿದ್ದಾಗಿಂದ ಹಾಗೆಯೇ ಎನ್ನುತ್ತಿದ್ದಳು. ಸಂಜೆ ತಣ್ಣಗಾದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಒಯ್ಯುತ್ತಿದ್ದಳು.

ನಡೆದದ್ದಿಷ್ಟು. ಗುಂಡಮ್ಮನ ಗಂಡ ಬಕ್ಕಪ್ಪ ದಾಳಿಂಬ ಊರಿನ ಮನ್ಮಥಪ್ಪ ಸಾವ್ಕಾರರ ಹೊಲದಲ್ಲಿ ಕುರಿ ತರುಬುತ್ತಿದ್ದ. ಹಿಕ್ಕೆ ಹೊಲಕ್ಕೆ ಗೊಬ್ಬರ, ತೊಗರಿ ಕೊಯ್ದ ಮೇಲಿನ ಮೇವು ಕುರಿಗೆ. ಆ ಹೊಲ ತಪ್ಪಿದರೆ ಬೇಸಿಗೆಯಲ್ಲಿ ಹಿಂಡು ಎಲ್ಲಿಯೂ ನಿಲ್ಲುವ ಹಾಗಿರಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಸಾವ್ಕಾರರ ಕೊಟ್ಟಿಗೆಯಲ್ಲಿ ಎರಡು ಮುದಿ ಎತ್ತು ಸುಮ್ಮನೆ ಉಳಿದಿದ್ದವು. ಅವನ್ನು ಮಾರಬೇಕೆಂದರೆ ಮಗ ಬಸವಕುಮಾರ ಶಂಖನಾದ ಮಂಡಳಿಯ ತಾಲೂಕು ಮುಖ್ಯಸ್ಥ. ಎತ್ತು ಸಾಗಿಸುವ ಗಾಡಿ ತಡೆಯುವುದೇ ಅವನ ಮಂಡಳಿಯ ಕೆಲಸ. ಹಾಗಾಗಿ ಮನ್ಮಥಪ್ಪ ಮಗನಿಗೆ ತಿಳಿಯದಂತೆ, ಅವನು ಏಳುವ ಮೊದಲೇ ಎತ್ತುಗಳನ್ನು ದಸ್ತಗೀರನ ಟೆಂಪೋಕ್ಕೆ ಏರಿಸಿ ಉದಗೀರಕ್ಕೆ ಮುಟ್ಟಿಸಿ ಬಾ ಎಂದು ಕನಕರಾಜನಿಗೆ ಹೇಳಿದರು. ಸಾವ್ಕಾರರು ಹೇಳಿದ ಮೇಲೆ ಯಾಕೆ ಎಂದು ಕೇಳುವ ಪದ್ಧತಿ ಆ ಮನೆಯ ಅಂಗಳದಲ್ಲಿರಲಿಲ್ಲ.

ಗುರುವಾರ ನಸುಕಿನಲ್ಲಿ ಕಾಸಾರಶಿರಸಿ ದಾಟಿದ ತಿರುವಿನಲ್ಲಿ ಮೋಟಾರುಸೈಕಲ್ ಅಡ್ಡ ನಿಲ್ಲಿಸಿ ಹದಿನೈದು ಮಂದಿ ನಿಂತಿದ್ದರು. ಹಗ್ಗ ಬಿಚ್ಚಿ ಎತ್ತು ಇಳಿಸಿದರು. ಇಬ್ಬರನ್ನೂ ಇಳಿಸಿದರು. ಕನಕರಾಜನಿಗೆ ಒಂಬತ್ತು ತಿಂಗಳ ಗಡ್ಡವಿತ್ತು. ಹೆಂಡತಿ ಸಾರಿಕಾಗೆ ಎರಡು ಸಲ ಗರ್ಭ ಇಳಿದಿತ್ತು. ಈ ಸಲ ಕೂಸು ಕೈಗೆ ಬರುವ ತನಕ ಕತ್ತಿ ತಾಗಿಸುವುದಿಲ್ಲವೆಂದು ಬೀರಪ್ಪನಿಗೆ ಹರಕೆ ಹೊತ್ತಿದ್ದ. ಅವರು ಮೊದಲು ಹಿಡಿದದ್ದು ಆ ಗಡ್ಡವನ್ನು. ಅವನು ತನ್ನ ಹೆಸರು ಹೇಳಿದ, ಬೀರಪ್ಪನ ಹೆಸರು ಕೂಗಿದ.

"ಪೆಟ್ಟು ಬಿದ್ದ ಮ್ಯಾಲ ಎಲ್ಲಾ ಸೂಳಿಮಕ್ಕಳಿಗೂ ನಮ್ಮ ದೇವರ ಹೆಸರು ನೆನಪ ಬರ್ತದ," ಎಂದು ಒಬ್ಬ ನಕ್ಕನಂತೆ.

ದಸ್ತಗೀರ ಅಷ್ಟರಲ್ಲಿ ಬಿಡಿಸಿಕೊಂಡು ಕಬ್ಬಿನ ಹೊಲದ ಬದುವಿಗೆ ಓಡಿದ್ದ. ಹಾಗೆಯೇ ಓಡಿದ್ದರೆ ಉಳಿಯುತ್ತಿದ್ದ. ತಿರುಗಿ ಬಂದು ಕನಕರಾಜನ ಮೇಲೆ ಬೋರಲು ಬಿದ್ದ. ಆಮೇಲಿನ ಕಬ್ಬಿಣದ ರಾಡಿನ ಏಟೆಲ್ಲ ಅವನ ಬೆನ್ನಿಗೆ, ತಲೆಗೆ. ಇದನ್ನು ಕನಕರಾಜ ತಂತಿ ಬಿಗಿದ ಬಾಯಿಯಿಂದ, ತುಂಡು ತುಂಡಾಗಿ, ಎರಡು ದಿನ ತೆಗೆದುಕೊಂಡು ಅವ್ವನಿಗೆ ಹೇಳಿದ್ದ. ಹೇಳಿ ಮುಗಿಸಿದ ಮೇಲೆ ಅವನು ಕೇಳುತ್ತಿದ್ದದ್ದು ಒಂದೇ, ದಸ್ತಗೀರಣ್ಣ ಹೆಂಗದಾನ.

ಪೊಲೀಸರು ಎತ್ತು ಸಾಗಿಸಿದ ಕೇಸನ್ನು ಇಬ್ಬರ ಮೇಲೂ ಹಾಕಿದ್ದರು. ಹೊಡೆದವರ ಹೆಸರು ಇನ್ನೂ ಗೊತ್ತಾಗಿಲ್ಲ ಎಂದು ಬರೆದುಕೊಂಡಿದ್ದರು.

ಗುರುವಾರ ಸಂಜೆಯೇ ಮಂಡಳಿಯ ಗುರುಗಳಾದ ಮಹಾರಾಜರ ವಿಡಿಯೋ ಬಂತು. ವರಾಂಡದಲ್ಲಿ ಯಾರದೋ ಫೋನಿನಲ್ಲಿ ಜೋರಾಗಿ ಕೇಳಿಸುತ್ತಿತ್ತು. ಬೆಳ್ಳಿಕಟ್ಟಿನ ಕುರ್ಚಿ, ಹಿಂದೆ ಕೇಸರಿ ಪರದೆ. ಮಹಾರಾಜರು ಮೆಲ್ಲಗೆ ಮಾತಾಡುವವರು. ಅಲ್ಲಿ ಹೊಡೆದದ್ದು ಹುಡುಗರಲ್ಲ, ಧರ್ಮ. ಕಟುಕರ ಬೆನ್ನಿಗೆ ಬಿದ್ದದ್ದು ಏಟಲ್ಲ, ಪಾಠ. ಇದಕ್ಕೆ ಯಾರಾದರೂ ಕ್ಷಮೆ ಕೇಳಬೇಕೆಂದರೆ ಮೊದಲು ನನ್ನ ಶಿರ ತೆಗೆಯಲಿ ಎಂದರು. ಚಾಂದಬಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ನರ್ಸ್ ಜಯಮಾಲಾ ಬಂದು ಫೋನಿನವನನ್ನು ಹೊರಗೆ ಕಳಿಸಿ, ಇಬ್ಬರು ಮುದುಕಿಯರ ನಡುವೆ ಕಪ್ಪು-ಬಸಿಯಲ್ಲಿ ಚಹಾ ಇಟ್ಟು ಹೋದಳು. ಚಾಂದಬಿ ಅರ್ಧ ಬಸಿಗೆ ಸುರಿದು ಗುಂಡಮ್ಮನ ಕಡೆ ಸರಿಸಿದಳು.

ಶನಿವಾರ ಸುದ್ದಿ ಹಬ್ಬಿತು. ಏಟು ತಿಂದವರಲ್ಲಿ ಒಬ್ಬ ಕುರುಬರವನು, ಗಡ್ಡ ಬೀರಪ್ಪನದು. ಕಾಸಾರಶಿರಸಿಯ ಸಂತೆಯಲ್ಲಿ ಕುರುಬರು ಕುರಿ ಮಾರದೆ, ಡೊಳ್ಳು ಮುಂದಿಟ್ಟುಕೊಂಡು ರಸ್ತೆಯಲ್ಲಿ ಕೂತರು. ಭಾನುವಾರ ಮುಂಜಾನೆ ಇನ್ನೊಂದು ವಿಡಿಯೋ. ಅದೇ ಕುರ್ಚಿ, ಅದೇ ಪರದೆ, ಅದೇ ಮೆಲುದನಿ. ನಮ್ಮ ಧರ್ಮದ ಬಡ ಕುರಿಗಾಹಿಯ ಮೇಲಿನ ದಾಳಿಯನ್ನು ಅತ್ಯಂತ ಕಠಿಣ ಮಾತಿನಲ್ಲಿ ಖಂಡಿಸುತ್ತೇವೆ. ಹೊಡೆದವರು ನಮ್ಮವರಲ್ಲ, ಹೊರಗಿನಿಂದ ನುಸುಳಿದವರು. ಮುಗ್ಧ ಹುಡುಗನಿಗೆ ಸುಳ್ಳು ಹೇಳಿ ಟೆಂಪೋ ಹತ್ತಿಸಿದ ಡ್ರೈವರನೇ ಇದಕ್ಕೆಲ್ಲ ಮೂಲ. ಕೊನೆಗೆ ಕಣ್ಣು ಒರೆಸಿಕೊಂಡರು.

ಮಧ್ಯಾಹ್ನ ಮನ್ಮಥಪ್ಪನೂ ಬಸವಕುಮಾರನೂ ದವಾಖಾನೆಗೆ ಬಂದರು. ಬಸವಕುಮಾರ ಬುಟ್ಟಿ ತುಂಬ ಹಣ್ಣು ತಂದಿದ್ದ. ಹಲ್ಲು ಕಚ್ಚಲಾಗದವನಿಗೆ ಸೇಬು. ಗುಂಡಮ್ಮನನ್ನು ಮೆಟ್ಟಿಲ ಹತ್ತಿರ ಕರೆದರು.

"ನಾಳಿ ಮೋಂಢಾದಾಗ ಸಭಾ ಅದ," ಅಂದ ಬಸವಕುಮಾರ. ಮೋಂಢಾ ಎಂದರೆ ಉದಗೀರದ ಧಾನ್ಯದ ಪೇಟೆ. "ಮಹಾರಾಜರು ನಿನಗ ತಮ್ಮ ಕೈಲೇ ಶಾಲು ಹೊದಸ್ತಾರ. ನೀ ಎರಡೇ ಮಾತ ಹೇಳಬೇಕು. ಡ್ರೈವರ ನನ ಮಗಗ ಸುಳ್ಳ ಹೇಳಿ ಫಸವಿಸ್ಯಾನ, ಗಾಡ್ಯಾಗ ಏನದ ಅಂತ ಅವಗ ಗೊತ್ತಿರಲಿಲ್ಲ. ಮುಗೀತು."

"ಎತ್ತು ನಿಮ್ಮವೇ ಇದ್ವಲ್ಲ, ಧಣ್ಯಾ."

ಅವನ ಕಿವಿ ಕೆಂಪಾಯಿತು. ಆ ವಿಷಯ ಅವನಿಗೆ ಹುಡುಗರು ಹಿಡಿದ ಎತ್ತುಗಳ ವಿಡಿಯೋ ಕಳಿಸಿದಾಗಲೇ ಗೊತ್ತಾಗಿತ್ತು; ಮುರಿದ ಕೊಂಬಿನ ರಾಜಾ ಅವನ ಮನೆಯಲ್ಲೇ ಹುಟ್ಟಿದ ಎತ್ತು. ಅಪ್ಪನ ಕಡೆ ನೋಡಲಿಲ್ಲ. ಮನ್ಮಥಪ್ಪ ಹಣೆಯ ವಿಭೂತಿ ಒರೆಸಿಕೊಂಡು ದನಿ ತಗ್ಗಿಸಿದರು.

"ಗುಂಡವ್ವಾ, ಬಾಯಿ ಹಿಡದು ಮಾತಾಡು. ನಿನ ಮಗನ ಹೆಸರು ಕೇಸಿನಾಗಿಂದ ತಗಸ್ತೀನಿ. ಇಲ್ಲಾಂದರ ಮುರದ ಕಾಲ ಎಳಕೋತ ಜೇಲಿಗಿ ಹೋಗ್ತಾನ. ಸೊಸಿ ಬಸರದಾಳ, ನೋಡು. ಮತ್ತ ಬಕ್ಕ್ಯಾ ಕುರಿ ತರುಬಿದ್ದು ಯಾರ ಹೊಲದಾಗದ, ಅದೂ ನೆನಪಿಡು. ಆ ಡ್ರೈವರ ಹೆಂಗೂ ಉಳಿಯೋ ಹಂಗಿಲ್ಲ. ಅವಗೇನು ಹೋಗ್ತದ?"

ಗುಂಡಮ್ಮ ವಾಪಸು ಬಂದಾಗ ಚಾಂದಬಿ ಕಂಬಳಿಯ ಮೇಲೆ ಜಾಗ ಬಿಟ್ಟು ಸರಿದಳು ಅಷ್ಟೇ. ಮೆಟ್ಟಿಲಿನ ಮಾತು ವರಾಂಡಕ್ಕೆ ಕೇಳಿಸುತ್ತದೆ. ಆ ಸಂಜೆ ಗುಂಡಮ್ಮ ಅವಳ ಮುಖ ನೋಡದೆ ಕಳೆದಳು. ಎರಡೇ ಮಾತು. ಮಗ ಮನೆಗೆ ಬರುತ್ತಾನೆ. ಸತ್ತುಹೋಗುವವನ ಮೇಲೆ ಹೊರಿಸಿದರೆ ಅವನಿಗೆ ತಿಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಬಸವಕುಮಾರನ ಜೀಪು ಬಂದಾಗ ಅವಳು ಮುಖ ತೊಳೆದುಕೊಂಡು, ಆ ಎರಡು ಮಾತು ಬಾಯಲ್ಲಿಟ್ಟುಕೊಂಡೇ ಹತ್ತಿದಳು.

ಮೋಂಢಾದ ಅಂಗಳದಲ್ಲಿ ಸೋಯಾಬೀನ್ ಚೀಲ ಸರಿಸಿ ಪೆಂಡಾಲು ಹಾಕಿದ್ದರು. ಒಂದು ಬದಿಗೆ ಪುರಿ ಪಲ್ಯದ ಕಡಾಯಿ. ಹಿಂದಿನ ಸಾಲುಗಳಲ್ಲಿ ಕಂಬಳಿ ಹೊತ್ತ ಕುರುಬರು, ಅವರ ನಡುವೆ ಡೊಳ್ಳಿನ ಹಿರಿಯ ರೇವಣಸಿದ್ಧ. ಮುಂದಿನ ಸೋಫಾದಲ್ಲಿ ಮನ್ಮಥಪ್ಪ. ಮಹಾರಾಜರು ಅರ್ಧ ಗಂಟೆ ಮಾತಾಡಿದರು, ಹಿಂಸೆ ನಮ್ಮ ದಾರಿಯಲ್ಲ ಎಂದರು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಗುಂಡಮ್ಮನಿಗೆ ಶಾಲು ಹೊದಿಸಿದರು. ಹೊಸ ಶಾಲಿಗೆ ಪ್ಲಾಸ್ಟಿಕ್ಕಿನ ವಾಸನೆ.

ಕುರುಬರಿಗೆ ಕಾಣಲಿ ಎಂದು ಬಸವಕುಮಾರ ಒಂದು ಏರ್ಪಾಟು ಮಾಡಿದ್ದ. ಬೀರಪ್ಪನ ಗುಡಿಯಿಂದ ಹಿತ್ತಾಳೆ ತಾಟಿನಲ್ಲಿ ದೇವರ ಅರಿಸಿನದ ಭಂಡಾರ ತರಿಸಿದ್ದ. ಫೋಟೋಗೆ ಹಳದಿ ಚೆನ್ನಾಗಿ ಕಾಣುತ್ತದೆ. ತಾಟು ಅವಳ ಮುಂದೆ ಹಿಡಿದು, ಒಂದು ಮುಷ್ಟಿ ತಗೊಂಡು ಮಾತಾಡು ಎಂದ.

ಗುಂಡಮ್ಮ ಅವನ ಮುಖ ನೋಡಿದಳು. ಅವನಿಗೆ ಗೊತ್ತಿರಲಿಲ್ಲ. ಅವಳ ಮಂದಿಯಲ್ಲಿ ಯಾರೂ ಸುಮ್ಮನೆ ಭಂಡಾರ ಮುಷ್ಟಿಯಲ್ಲಿ ಹಿಡಿದು ಬಾಯಿ ತೆರೆಯುವುದಿಲ್ಲ. ಕುರಿ ಕಳುವಾದರೂ ಸರಿ, ಹೆಂಡತಿ ಓಡಿಹೋದರೂ ಸರಿ, ಪಂಚರು ಕೊನೆಗೆ ಮುಂದಿಡುವುದು ಆ ತಾಟನ್ನೇ. ಅದನ್ನು ಹಿಡಿದರೆ ಆಣೆ, ಆಮೇಲೆ ಆಡಿದ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ, ಮತ್ತೆ ಯಾರೂ ತಿದ್ದುವುದಿಲ್ಲ. ಅವಳ ಅಪ್ಪ ಒಮ್ಮೆ ಆ ತಾಟು ನೋಡಿಯೇ ತನ್ನ ಕಳವು ಒಪ್ಪಿಕೊಂಡಿದ್ದ. ಹಿಂದಿನ ಸಾಲಿನಲ್ಲಿ ರೇವಣಸಿದ್ಧ ರುಮಾಲು ತೆಗೆದು ಎದ್ದು ನಿಂತ. ಅವನ ಹಿಂದೆ ಇಡೀ ಸಾಲು ಎದ್ದಿತು. ಮಹಾರಾಜರು ತಮಗೇ ಎದ್ದರೆಂದು ಕೈ ಎತ್ತಿ ಆಶೀರ್ವದಿಸಿದರು.

ಅವಳು ತಾಟಿಗೆ ಕೈ ಹಾಕಿದಳು. ಅರಿಸಿನ ತಣ್ಣಗಿತ್ತು.

"ನನಗ ಭಾಷಣಾ ಬರಂಗಿಲ್ಲ. ಬೀರಪ್ಪನ ಭಂಡಾರ ಕೈಯಾಗದ," ಅಂದಳು. "ಎತ್ತು ದಾಳಿಂಬದ ಮನ್ಮಥಪ್ಪ ಸಾವ್ಕಾರರವು. ಇಲ್ಲೇ ಕುಂತಾರ, ಕೇಳ್ರಿ. ಒಂದರ ಕೊಂಬು ಮುರದದ, ರಾಜಾ ಅಂತ ಹೆಸರು. ಅವ್ರು ಹೇಳ್ಯಾರ, ನನ ಮಗ ಒಯ್ದಾನ. ದಸ್ತಗೀರ ಯಾರಿಗೂ ಫಸವಿಸಿಲ್ಲ. ಅಂವಾ ಓಡಿ ಹೋಗಿದ್ದ. ತಿರುಗಿ ಬಂದು ನನ ಮಗನ ಮ್ಯಾಲ ಬಿದ್ದು ರಾಡಿನ ಪೆಟ್ಟು ತಿಂದಾನ."

ಬಸವಕುಮಾರ ಮೈಕಿನ ಕಡೆ ಬಂದ. ಅವಳು ಮಹಾರಾಜರ ಕಡೆ ತಿರುಗಿದಳು.

"ನೀವ್ ಗುರುವಾರ ಹೊಡದದ್ದು ಬರೋಬರ್ ಅಂದ್ರಿ. ಆಯಿತವಾರ ತಪ್ಪ ಅಂದ್ರಿ. ಹೊಡದವ್ರು ಅವ್ರೇ, ಪೆಟ್ಟೂ ಅವೇ. ನನ ಮಗನ ಜಾತಿ ಗೊತ್ತಾದ ಮ್ಯಾಲ ತಪ್ಪಾಯ್ತೇನ್ರಿ, ಅಪ್ಪಾರ? ಆ ಮುದುಕಿ ಮಗಗ ಹೊಡದದ್ದು ಇನ್ನೂ ಬರೋಬರ್ ಏನು?"

ಮೈಕು ಸತ್ತುಹೋಯಿತು. ಮೈಕು ಬೇಕಾಗಿಯೂ ಇರಲಿಲ್ಲ, ಅಂಗಳ ಅಷ್ಟು ಸುಮ್ಮನಾಗಿತ್ತು. ಅವಳು ಮುಷ್ಟಿ ಬಿಚ್ಚಿ ಭಂಡಾರವನ್ನು ಮಹಾರಾಜರ ಪಾದದ ಮುಂದಿನ ಹಲಗೆಯ ಮೇಲೆ ಸುರಿದಳು. ಶಾಲು ಮಡಚಿ ಕುರ್ಚಿಯ ಮೇಲಿಟ್ಟಳು. "ರಂಡೆ, ಇಂದೇ ನಿನ ಗಂಡನ ಕುರಿ ಬಡದು ಎಬ್ಬಿಸ್ತೀನಿ," ಎಂದು ಬಸವಕುಮಾರ ಹಲ್ಲು ಕಡಿಯುತ್ತ ಅಂದದ್ದು ಅವಳಿಗೊಬ್ಬಳಿಗೇ ಕೇಳಿಸಿತು. ಮೆಟ್ಟಿಲ ಬುಡದಲ್ಲಿ ಅವಳ ಚಪ್ಪಲಿಯನ್ನು ಯಾರೋ ಒದ್ದು ಚೆಲ್ಲಿದ್ದರು. ಕಡಾಯಿಯ ಹತ್ತಿರ ಪುರಿ ಲಟ್ಟಿಸುತ್ತಿದ್ದ ಒಬ್ಬ ಹೆಂಗಸು, ಹಿಟ್ಟಿನ ಕೈಯಲ್ಲೇ ಎರಡನ್ನೂ ಹುಡುಕಿ ತಂದು ಅವಳ ಕಾಲಿನ ಮುಂದೆ ಜೋಡಿಸಿಟ್ಟು, ತಲೆ ಎತ್ತದೆ ಹೋದಳು.

ಕುರುಬರು ಅವಳಿಗೆ ದಾರಿ ಬಿಟ್ಟರು. ರೇವಣಸಿದ್ಧ ಮಾತ್ರ ರಸ್ತೆಯ ತನಕ ಹಿಂದೆ ಬಂದು ನಿಂತ. ಅವಳ ಬೆನ್ನ ಹಿಂದೆ ಬೇರೆ ಮೈಕಿನಲ್ಲಿ ಮಹಾರಾಜರ ಮೆಲುದನಿ ಶುರುವಾಗಿತ್ತು. ದುಃಖದಲ್ಲಿ ತಾಯಿಯ ಬುದ್ಧಿ ಕಲಕಿದೆ, ಆ ಡ್ರೈವರನ ಕಡೆಯವರು ಹೇಳಿಕೊಟ್ಟಿದ್ದನ್ನು ಹೇಳುತ್ತಿದ್ದಾಳೆ, ಇಂಥ ಪಿತೂರಿಯನ್ನು ನಾವು ಖಂಡಿಸುತ್ತೇವೆ.

ನಡೆದು ದವಾಖಾನೆ ಮುಟ್ಟುವಷ್ಟರಲ್ಲಿ ಬಕ್ಕಪ್ಪನ ಫೋನು. ಹೊಲದಿಂದ ಎಬ್ಬಿಸಿದ್ದಾರೆ, ಎರಡು ಮರಿಯ ಕಾಲು ತುಳಿದಿದ್ದಾರೆ ಅಂದ. ಹಿಂದಿನಿಂದ ಕುರಿ ಅರಚುವುದು ಕೇಳುತ್ತಿತ್ತು.

"ಎತ್ಲಾಗ ಹೊಡಕೊಂಡ ಹೋಗಲಿ, ಗೊತ್ತಾಗವಲ್ದು," ಅಂದ. ಆಮೇಲೆ, "ನೀ ಉಂಡಿದಿ?" ಎಂದು ಕೇಳಿದ.

ಕನಕರಾಜನ ವಾರ್ಡಿನ ಬಾಗಿಲಿಗೆ ಈಗ ಇಬ್ಬರು ಪೊಲೀಸರು ಕೂತಿದ್ದರು. ಬೆಳಿಗ್ಗೆ ಒಬ್ಬನೇ ಇದ್ದ. ಗಾಜಿನ ಬಾಗಿಲಿನ ಕೋಣೆ ತೆರೆದಿತ್ತು. ಒಳಗೆ ಜಯಮಾಲಾ ಖಾಲಿ ಮಂಚದ ಚಾದರ ತೆಗೆದು ಸುತ್ತುತ್ತಿದ್ದಳು. ಗುಂಡಮ್ಮನನ್ನು ಕಂಡು ಕೈ ನಿಲ್ಲಿಸಿದಳು.

ಚಾಂದಬಿ ವರಾಂಡದಲ್ಲಿ ಅದೇ ಜಾಗದಲ್ಲಿದ್ದಳು. ಕೆಳಗೆ ಹಾಸಿದ್ದ ಕಂಬಳಿಯನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಪಕ್ಕದಲ್ಲಿಟ್ಟಿದ್ದಳು. ನೆಂಟರ ಗಂಡಸರು ಹೆಣದ ಕಾಗದಕ್ಕೆ ಸಹಿ ಹಾಕಲು ಕೆಳಗೆ ಹೋಗಿದ್ದರು. ಗುಂಡಮ್ಮ ಅವಳ ಎದುರು ಕೂತಳು. ಅಂಗೈಯ ಗೆರೆಗಳಲ್ಲಿ ಇನ್ನೂ ಹಳದಿ ಇತ್ತು. ಚಾಂದಬಿ ಆ ಕೈಯನ್ನು ನೋಡಿದಳು. ಆಮೇಲೆ ಮಡಿಲಿನಿಂದ ಸ್ಟೀಲಿನ ಡಬ್ಬಿ ತೆಗೆದು, ಇನ್ನೂ ಬಿಸಿ ಇದೆಯೇ ಎಂದು ಕೆನ್ನೆಗೆ ಒತ್ತಿ ನೋಡಿಕೊಂಡು, ಕನಕರಾಜನ ವಾರ್ಡಿನ ಕಡೆ ತಲೆ ಹೊರಳಿಸಿ, ಆ ಹಳದಿ ಕೈಯಲ್ಲಿ ಇಟ್ಟಳು.