ತಮ್ಮನ ಬಿಲ್ಲೆ

ಸರ್ಕಾರಿ ಕಾಡಿನೊಳಗೆ, ಗುಡಾರ ಹಾಕುವ ಬಯಲು ಮುಗಿದು ಗುಡ್ಡದ ಕಾಲುದಾರಿ ಶುರುವಾಗುವಲ್ಲಿ ಒಂದು ಹಲಗೆ. ಹಲಗೆ ತುಂಬ ಮೊಳೆ, ಮೊಳೆಗೊಂದು ತಗಡಿನ ಬಿಲ್ಲೆ. ಗುಡ್ಡ ಹತ್ತುವವರು ಒಬ್ಬೊಬ್ಬರು ಒಂದೊಂದು ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಇಳಿದು ಬಂದ ಮೇಲೆ ಅದೇ ಮೊಳೆಗೆ ತೂಗುಹಾಕಬೇಕು. ಸಂಜೆ ಕೊಂಬು ಊದುವ ಹೊತ್ತಿಗೆ ಯಾರ ಮೊಳೆ ಬೋಳಾಗಿದೆಯೋ ಅವರನ್ನು ಹುಡುಕಲು ಜನ ಮೇಲೆ ಹೋಗುತ್ತಾರೆ. ಹಲಗೆಯ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ನಿಮ್ಮ ಬಿಲ್ಲೆ ನಿಮ್ಮ ಕೈಯಿಂದಲೇ.

“ಕಾಯೋನು ಮೇಲೊಬ್ಬ ಇದಾನೆ. ಅವನ ಕಣ್ಣು ತಪ್ಪಿದ್ರೆ ನಾನಿದೀನಿ. ನನ್ನ ಕಣ್ಣು ಅಂದ್ರೆ ಈ ಹಲಗೇನೇ,” ಅಂದಿದ್ದ ಗಾರ್ಡು, ಬೆಳಿಗ್ಗೆ ಬಿಲ್ಲೆ ಕೊಡುವಾಗ.

ತಮ್ಮ ಅದನ್ನು ಕೇಳಿಸಿಕೊಂಡಿದ್ದರೆ ತಾನೆ? ಕ್ಯಾಮೆರಾ ಒರೆಸುತ್ತ, ಬೂಟಿನ ದಾರ ಬಿಟ್ಟುಕೊಂಡೇ ಹೊರಟಿದ್ದ. ಅಕ್ಕ ಬಗ್ಗಿ ಕಟ್ಟಿದಳು. ಹಿಂದಿನ ದಿನ ಕಾಲು ಉಳುಕಿಸಿಕೊಂಡು ಗುಡಾರದ ಬಾಗಿಲಲ್ಲೇ ಕೂತಿದ್ದ ಅವನ ಹೆಂಡತಿ ನಕ್ಕಳು.

“ಅವರ ಕೆಲಸ ಅವರೇ ಮಾಡ್ಕೊಳ್ಲಿ ಬಿಡಿ ಅಕ್ಕ. ತಲೆ ನರೆಯೋಕೆ ಬಂತು, ದಾರ ಕಟ್ಟೋಕೆ ಇನ್ನೂ ನೀವೇ ಬೇಕಾ?”

“ಕಟ್ಟದಿದ್ರೆ ಎಡವಿ ಬೀಳ್ತಾನಮ್ಮ. ಆಮೇಲೆ ಅಳೋಳು ನೀನೇ.”

ಅಕ್ಕನದು ಬಟ್ಟೆ ಹೊಲಿಯುವ ಕೈ, ಸುಮ್ಮನಿರದ ಕೈ. ತಾಯಿ ಹೋದಾಗ ತಮ್ಮನಿಗೆ ಇನ್ನೂ ಮಾತು ಬಂದಿರಲಿಲ್ಲ. ಅವತ್ತಿನಿಂದ ಅವನು ತೆರೆದ ಬಾಗಿಲು ಇವಳು ಮುಚ್ಚಬೇಕು, ಅವನು ಹಚ್ಚಿದ ದೀಪ ಇವಳು ಆರಿಸಬೇಕು. ಮರೆಗುಳಿ ಅಂತಲೇ ಅವನಿಗೆ ಮನೆಯಲ್ಲಿ ಹೆಸರು. ಕೊಡೆ, ಬೀಗದ ಕೈ, ಕನ್ನಡಕ, ಎಲ್ಲವನ್ನೂ ಅವನು ಬಿಟ್ಟುಬರುವುದು, ಇವಳು ಎತ್ತಿತರುವುದು. ಉಸಿರಾಡಿದ್ದನ್ನು ಯಾರು ನೆನಪಿಡುತ್ತಾರೆ? ಅವಳಿಗೆ ಇದೂ ಹಾಗೆಯೇ.

ಮಧ್ಯಾಹ್ನ ಇಬ್ಬರೂ ಗುಡ್ಡ ಇಳಿಯುವಾಗ ತಮ್ಮ ಒಂದು ತಿರುವಿನಲ್ಲಿ ನಿಂತ. ಎದುರಿನ ಬೆಟ್ಟದ ಮೇಲೆ ಮೋಡ ಇಳಿಯುತ್ತಿತ್ತು.

“ನೀ ನಡೀತಿರಕ್ಕ. ಒಂದೆರಡು ಫೋಟೊ ತೆಗೆದು ಹಿಂದೇನೇ ಬಂದೆ. ಇದೊಂದು ಅಡ್ಡ ಬರುತ್ತೆ, ಹಿಡಿ.” ಕೊರಳಿನಿಂದ ಬಿಲ್ಲೆ ತೆಗೆದು ಅವಳ ಕೈಗಿಟ್ಟ.

ಕೆಳಗೆ ಬಂದವಳು ಎರಡೂ ಬಿಲ್ಲೆ ತೂಗುಹಾಕಿ, ಕೈ ತೊಳೆದು, ತರಕಾರಿ ಹೆಚ್ಚಲು ಕೂತಳು.

ಬಿಸಿಲು ಹೋಯಿತು, ಮಂಜು ಬಂತು, ತಮ್ಮ ಬರಲಿಲ್ಲ. ಗಾರ್ಡು ಕೊಂಬು ಊದಿ, ಹಲಗೆಯನ್ನೊಮ್ಮೆ ನೋಡಿ, ಕಾಲುದಾರಿಗೆ ಸರಪಳಿ ಎಳೆದ. ಅಕ್ಕ ಓಡಿಹೋಗಿ ಕೇಳಿದಳು.

“ಮೇಲೆ ಯಾರೂ ಇಲ್ಲಮ್ಮ. ನೋಡಿ, ಒಂದು ಮೊಳೆಯೂ ಖಾಲಿ ಇಲ್ಲ. ಇಳಿದಿದಾರೆ. ಬಯಲಿನಾಚೆ ಕೆರೆ ಕಡೆ ಹೋಗಿರ್ಬೇಕು. ದಣಿದು ಬಂದೋರು ನೀರಿಗಿಳೀತಾರೆ, ಅದೇ ಭಯ.”

ಅಕ್ಕ ನೋಡಿದಳು. ತಮ್ಮನ ಬಿಲ್ಲೆ ಅಲ್ಲೇ ಇತ್ತು. ಇಳಿದಿದ್ದಾನೆ ಅಂತ ಅವಳ ಜೀವಕ್ಕೂ ಧೈರ್ಯ ಬಂತು. ಗುಡಾರ ಗುಡಾರದಿಂದ ಜನ ಎದ್ದು ಬಂದರು. ಟಾರ್ಚು ಹಿಡಿದು ದಡ ಸುತ್ತಿದರು, ಜೊಂಡು ಸರಿಸಿದರು, ಕೋಲಿನಿಂದ ನೀರು ಕಲಕಿದರು. ಸೋನೆಮಳೆ ಹಿಡಿಯಿತು. ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಅವನ ಹೆಸರು ಹಿಡಿದು ಕೂಗಿದಳು. ದೇವರನ್ನೂ ಕೂಗಿದಳು. ಕುಂಟುತ್ತ ಬಂದ ತಮ್ಮನ ಹೆಂಡತಿ ದಡದ ಕಲ್ಲಿನ ಮೇಲೆ ಕೂತು ನಡುಗುತ್ತಿದ್ದಳು.

“ಯಾವತ್ತೂ ಇಲ್ಲದೋರು ಇವತ್ತು ನೆನಪಿಟ್ಕೊಂಡು ಬಿಲ್ಲೆ ಹಾಕಿದಾರೆ ನೋಡಿ ಅಕ್ಕ,” ಅಂದಳು, ಅಳುವಿನ ನಡುವೆಯೇ ತುಸು ನಕ್ಕು.

ಅಕ್ಕ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

“ನಾನು ಹಾಕಿದ್ದು,” ಅಂದಳು.

“ಏನಂದ್ರಿ?” ಗಾರ್ಡು ತಿರುಗಿದ.

“ಅವನದನ್ನೂ ನಾನೇ ಹಾಕಿದೆ. ಅವನು ಇಳಿದಿಲ್ಲ. ಮೇಲೆ, ಆ ತಿರುವಲ್ಲಿ...”

ಗಾರ್ಡು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟಾರ್ಚನ್ನು ಗುಡ್ಡದ ಕಡೆ ತಿರುಗಿಸಿದ. ಬೆಳಕು ಮಂಜಿನೊಳಗೆ ನಾಲ್ಕು ಮಾರು ಹೋಗಿ ಸತ್ತಿತು.

ಸಿಕ್ಕಿದ್ದು ಬೆಳಗಾದ ಮೇಲೆ. ತಿರುವಿನ ಕೆಳಗೆ ಕೊರಕಲಿನಲ್ಲಿ, ಕಾಲು ಮುರಿದುಕೊಂಡು, ಬಂಡೆಗೆ ಒರಗಿ ಕೂತಿದ್ದ. ದೊಡ್ಡ ಗಾಯವೇನಿರಲಿಲ್ಲ. ಮಳೆ ಮತ್ತು ಚಳಿ ಅವನನ್ನು ನಿಧಾನಕ್ಕೆ ಕೊಂದಿದ್ದವು. ಅಕ್ಕ ಕಟ್ಟಿದ ಬೂಟಿನ ದಾರ ಬಿಚ್ಚಿರಲಿಲ್ಲ. ಹೊತ್ತು ತಂದವರಲ್ಲಿ ಒಬ್ಬ ಗಾರ್ಡಿನ ಹತ್ತಿರ ಮೆಲ್ಲಗೆ, “ಕಂಕುಳಲ್ಲಿ ಇನ್ನೂ ಬಿಸಿ ಇತ್ತು ಸ್ವಾಮಿ,” ಅಂದದ್ದು ಅಕ್ಕನ ಕಿವಿಗೆ ಬಿತ್ತು. ಮೆಲ್ಲಗೆ ಆಡಿದ ಮಾತೇ ದೂರ ಕೇಳುವುದು.

ಹಲಗೆಯ ಹತ್ತಿರ ಡೋಲಿ ಇಳಿಸಿದರು. ರಾತ್ರಿ ಹುಡುಕಲು ಹೊರಡುವಾಗ ಗಾರ್ಡು ತಮ್ಮನ ಬಿಲ್ಲೆಯನ್ನು ಮೊಳೆಯಿಂದ ತೆಗೆದಿದ್ದ, ಮೇಲೆ ಒಬ್ಬನಿದ್ದಾನೆ ಎಂಬ ಗುರುತಿಗೆ. ಈಗ ಅದನ್ನು ಜೇಬಿನಿಂದ ತೆಗೆದು ಏನು ಮಾಡಬೇಕೆಂದು ತಿಳಿಯದೆ ನಿಂತ. ಅಕ್ಕ ಕೈ ಚಾಚಿದಳು. ಆ ಕೈಗೆ ಗೊತ್ತಿದ್ದದ್ದು ಅದೊಂದೇ.

ತಮ್ಮನ ಹೆಂಡತಿ ನಡುವೆ ಬಂದು ಬಿಲ್ಲೆ ಇಸಿದುಕೊಂಡಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಡೋಲಿಯ ಪಕ್ಕ ಕೂತು, ಚಳಿಗೆ ಸೆಟೆದುಹೋದ ಗಂಡನ ಬೆರಳು ಒಂದೊಂದಾಗಿ ಬಿಡಿಸಿ, ಒಳಗೆ ಬಿಲ್ಲೆ ಇಟ್ಟಳು.

“ಇನ್ನಾದ್ರೂ ಅವರ ಕೆಲಸ ಅವರೇ ಮಾಡ್ಕೊಳ್ಲಿ, ಅಕ್ಕ.”

ಜನ ಡೋಲಿ ಎತ್ತಿದರು. ಅಕ್ಕನ ಕೈ ಚಾಚಿದಂತೆಯೇ ಇತ್ತು. ಹಲಗೆಯ ಮೇಲೆ ಒಂದು ಮೊಳೆ ಬೋಳಾಗಿತ್ತು.